ಗುಲಾಮರ ರಾಜ್ಯಕ್ಕೆ ನಾನು ಸಾಕ್ಷಿ ಹೇಳಿದ್ದು

ನನಗೆ ಆಗ ನಲವತ್ತೊಂಬತ್ತು. ಅದಾಗಿ ನಲವತ್ತು ವರ್ಷವಾಯಿತು. ನಲವತ್ತೊಂಬತ್ತು ಅನ್ನುವುದೂ ಅಂದಾಜೇ. ಪಾಸ್‌ಪೋರ್ಟು ಮಾಡಿಸುವಾಗ ಊರಿನ ಒಡೆಯರು ಯಾವುದೋ ಒಂದು ತಾರೀಖು ಹೇಳಿ ಬರೆಸಿದರು, ಅಂದಿನಿಂದ ನಾನು ಆ ದಿನ ಹುಟ್ಟಿದವಳು. ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯಲು ಹೊತ್ತು ಹಿಡಿಯುತ್ತದೆ. ಅದಕ್ಕೇ ನೇರವಾಗಿ ಬರೆಯುತ್ತೇನೆ.

ಕ್ಯಾಲಿಫೋರ್ನಿಯಾದ ನೆವಾರ್ಕಿನ ಆ ಮನೆಗೆ ನಾನು ಹೋದದ್ದು ಬಾಣಂತನ ಮಾಡಿ ಬರಲು. ಆರು ತಿಂಗಳು ಅಂತ ಮಾತಾಗಿತ್ತು. ಆ ಕೂಸಿಗೆ ಮೂರು ತುಂಬಿ, ನನ್ನ ಸೆರಗು ಜಗ್ಗಿ ಟೀವಿ ಹಚ್ಚು ಅನ್ನುವಷ್ಟು ದೊಡ್ಡವಳಾದರೂ ನಾನು ಅಲ್ಲೇ ಇದ್ದೆ.

ಆ ಮನೆಯ ಅಕ್ಕಾರನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು ನಾನು. ಅವರ ತಾಯಿಯನ್ನು ನಮ್ಮ ಊರ ಒಡೆಯರ ದೊಡ್ಡಮನೆಗೆ, ಅಂದರೆ ವಾಡೆಗೆ, ಲಗ್ನ ಮಾಡಿ ಕೊಟ್ಟಾಗ ತವರಿನವರು ಆಕಳು, ಹಂಡೆ, ಹಾಸಿಗೆಗಳ ಜೊತೆ ನನ್ನ ಅವ್ವನನ್ನೂ ಬಳುವಳಿಯಾಗಿ ಕಳಿಸಿದ್ದರು. ಅವ್ವನಿಗೆ ಆಗ ಹದಿಮೂರು ಇರಬಹುದು. ನಾನು ಹುಟ್ಟಿದ್ದು ಆ ವಾಡೆಯ ದನದ ಕೊಟ್ಟಿಗೆಗೆ ಹತ್ತಿದ ಖೋಲಿಯಲ್ಲಿ. ನನ್ನ ಮಗಳು ಹುಟ್ಟಿದ್ದೂ ಅಲ್ಲೇ. ನಾನು ಹಡೆಯುವಾಗ ಅವ್ವ ನನ್ನ ಹತ್ತಿರ ಇರಲಿಲ್ಲ, ಒಳಗೆ ವಾಡೆಯವರ ಕೂಸಿಗೆ ಎರೆಯುತ್ತಿದ್ದಳು. ಪಕ್ಕದ ಓಣಿಯ ಮುದುಕಿಯೊಬ್ಬಳು ಬಂದು ಹೊಕ್ಕಳು ಕೊಯ್ದು ಹೋದಳು. ಇದನ್ನು ದುಃಖ ಅಂತ ಬರೆಯುತ್ತಿಲ್ಲ. ಹಾಗಿತ್ತು, ಬರೆದೆ.

ಅಕ್ಕಾರು ದೊಡ್ಡವರಾದರು, ಇಂಜಿನಿಯರರನ್ನು ಲಗ್ನವಾದರು, ಗಂಡನ ಜೊತೆ ಅಮೆರಿಕಾ ಸೇರಿದರು. ಎರಡನೇ ಹೆರಿಗೆ ಬಂದಾಗ "ಆಕಿನ್ನ ಕಳಿಸ್ರಿ" ಅಂತ ವಾಡೆಗೆ ಬರೆದರು. ವಾಡೆಯವರು ಕಳಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳುವ ರೂಢಿ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಗಂಡ ಸತ್ತಿದ್ದ, ಮಗಳು ಅತ್ತೆಮನೆ ಸೇರಿದ್ದಳು, ಹೋದೆ.

ವಿಮಾನ ಇಳಿದ ದಿನ ಪಾಸ್‌ಪೋರ್ಟನ್ನು ನಾನೇ ಅಕ್ಕಾರ ಕೈಗೆ ಕೊಟ್ಟೆ, ಜೋಪಾನ ಮಾಡ್ರಿ ಅಂದೆ. ನಮ್ಮಲ್ಲಿ ಹಾಗೆ. ಆಳುಮಕ್ಕಳ ಹತ್ತಿರ ಬೆಲೆಯುಳ್ಳದ್ದು ಏನಿದ್ದರೂ ಒಡೆಯರ ಪೆಟ್ಟಿಗೆಯಲ್ಲಿ ಇರುತ್ತದೆ. ಅವ್ವನ ಬೆಳ್ಳಿ ಕಡಗ ವಾಡೆಯ ಪೆಟ್ಟಿಗೆಯಲ್ಲಿತ್ತು. ಹಬ್ಬದ ದಿನ ಕೇಳಿ ಹಾಕಿಕೊಳ್ಳುವುದು, ಸಂಜೆಗೆ ತಿರುಗಿ ಕೊಡುವುದು. ಕಳವಾಗುವುದಿಲ್ಲ ಅಂತ ಅವ್ವನಿಗೆ ಅದೇ ಸಮಾಧಾನ. ನನ್ನ ಹೆಸರು ಬರೆದ ಮೊಟ್ಟಮೊದಲ ಕಾಗದ ಆ ಪಾಸ್‌ಪೋರ್ಟು. ಬೆಲೆಯುಳ್ಳದ್ದೇ ಅಲ್ಲವೇ? ಅಕ್ಕಾರು ಅದನ್ನು ತಮ್ಮ ಬಂಗಾರದ ಪಾಟಲಿ, ಬಿಲ್ವಾರಗಳ ಜೊತೆ ಬ್ಯಾಂಕಿನ ಲಾಕರಿನಲ್ಲಿ ಇಟ್ಟರು. ಮೂರು ವರ್ಷ ಅದರ ಸುದ್ದಿಯೇ ನನಗೆ ನೆನಪಾಗಲಿಲ್ಲ.

ನೆನಪಾದದ್ದು ಮಗಳ ಕಾಗದ ಬಂದ ಮೇಲೆ. ಊರ ಸಾಲಿ ಮಾಸ್ತರರ ಕೈಯಲ್ಲಿ ಬರೆಸಿದ್ದಳು. ಐದು ತಿಂಗಳು ತುಂಬಿದೆ, ಚೊಚ್ಚಲು, ನೀ ಬರುವುದಾದರೆ ನಿನ್ನ ಖೋಲಿಗೆ ಬಂದಿರುತ್ತೇನೆ, ಬರದಿದ್ದರೆ ಅತ್ತೆಮನೆಯಲ್ಲೇ ಹಡೆಯುತ್ತೇನೆ, ತಿಳಿಸು ಅಂತ. ಆ ಅತ್ತೆಯನ್ನು ನಾನು ಬಲ್ಲೆ. ಬಾಣಂತಿಯನ್ನು ಮೂರನೇ ದಿನಕ್ಕೆ ನೀರಿಗೆ ಕಳಿಸುವ ಹೆಂಗಸು. ಹಿರಿಯ ಸೊಸೆ ಹಾಗೇ ಬಾವಿಯ ಮೆಟ್ಟಿಲ ಮೇಲೆ ಬಿದ್ದು, ಮತ್ತೆ ಎದ್ದು ನೆಟ್ಟಗೆ ಓಡಾಡಿದ್ದನ್ನು ಯಾರೂ ನೋಡಿರಲಿಲ್ಲ.

ಕಾಗದ ನನ್ನ ಕೈಗೆ ಬರುವಷ್ಟರಲ್ಲಿ ಆರನೇ ತಿಂಗಳು ನಡೆದಿತ್ತು. ಅಂದಿನಿಂದ ನನಗೆ ಒಂದು ಕಡೆ ಕೂತುಕೊಳ್ಳಲು ಆಗದಾಯಿತು. ತಿಕ್ಕಿದ ಪಾತ್ರೆಯನ್ನೇ ತಿಕ್ಕುವುದು, ಮುಂದಿನ ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಮುಂದಿನ ಬಾಗಿಲಿಗೆ ಹೋಗುವುದು. ಕೂಸನ್ನು ಕಂಕುಳಲ್ಲಿ ಹಾಕಿಕೊಂಡು ಕಾರಖಾನೆಯವರು ಒಟ್ಟಿದ ಉಪ್ಪಿನ ಗುಡ್ಡ ಕಾಣುವ ತಿರುವಿನ ತನಕ ನಡೆಯುವುದು, ಕೊಲ್ಲಿಯ ಕಡೆಯ ಗಾಳಿ ಮುಖಕ್ಕೆ ಹೊಡೆಯುವ ತನಕ ನಿಂತು ತಿರುಗಿ ಬರುವುದು. ಕೂಸಿಗೆ ಮಜಾ ಅನ್ನಿಸಿ "ಮತ್ತ, ಮತ್ತ" ಅನ್ನುತ್ತಿತ್ತು.

ಒಂದು ದಿನ ಅಕ್ಕಾರು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಅಕ್ಕಾರ, ನಾ ಊರಿಗೆ ಹೋಗಬೇಕ್ರಿ."

"ಹೋಗೂಣಂತ. ಸಾಲಿ ಸೂಟಿ ಬಿಡಲಿ, ಎಲ್ಲಾರೂ ಕೂಡೇ ಹೋಗೂಣು."

"ಸೂಟಿ ಯಾವಾಗ್ರಿ?"

"ಜೂನ್‌ದಾಗ."

"ಆಕಿ ಮೇ ತಿಂಗಳದಾಗ ಹಡೀತಾಳ್ರಿ."

"ಅಲ್ಲೇ ದವಾಖಾನಿ ಅದಾವಲ್ಲಬೇ. ನೀ ಹೋಗಿ ಏನ ಮಾಡಾಕಿ?"

ಇವರ ಹೆರಿಗೆಯೂ ದವಾಖಾನೆಯಲ್ಲೇ ಆಗಿತ್ತು. ಆದರೂ ಅಷ್ಟು ದೂರದಿಂದ ನನ್ನನ್ನು ಕರೆಸಿದ್ದು ಏನು ಮಾಡಲಿಕ್ಕೆ ಅಂತ ಬಾಯಿ ತನಕ ಬಂತು. ನುಂಗಿದೆ. "ಕೂಸನ್ನ ಡೇಕೇರಿಗೆ ಹಾಕಿದ್ರ ಸೊರಗತೈತಿ, ಜೂನ್ ತನಕ ತಡಿ" ಅಂತ ಅಕ್ಕಾರು ಒಳಗೆ ಹೋದರು. ಕೆಟ್ಟ ಹೆಂಗಸಲ್ಲ ಅವರು. ನನಗೆ ಜ್ವರ ಬಂದಾಗ ತಾವೇ ಗಂಜಿ ಕಾಸಿ ಕೊಟ್ಟವರು. ಆದರೆ ನನಗೂ ಒಂದು ಮೇ ತಿಂಗಳು ಇರಬಹುದು ಅನ್ನುವುದು ಅವರ ತಲೆಗೆ ಹೊಳೆಯುತ್ತಿರಲಿಲ್ಲ.

ಆ ವಾರವೇ ಅಕ್ಕಾರ ಹಿರಿಯ ಹುಡುಗಿ ಸಾಲಿಯಿಂದ ಅಳುತ್ತಾ ಬಂದಳು. ಅವಳಿಗೆ ಹನ್ನೊಂದು, ಐದನೇ ಕ್ಲಾಸು. ನನ್ನನ್ನು ಆಯಿ, ಅಂದರೆ ಅಜ್ಜಿ, ಅನ್ನುತ್ತಿದ್ದಳು. ನನ್ನ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. ಏನಾಯಿತು ಅಂದರೆ, ಟೀಚರು ಒಂದು ಆಟ ಹೂಡಿದ್ದರು. ಕ್ಯಾಲಿಫೋರ್ನಿಯಾ ಈ ದೇಶಕ್ಕೆ ರಾಜ್ಯವಾಗಿ ಸೇರುವಾಗ ಗುಲಾಮರನ್ನು ಇಟ್ಟುಕೊಳ್ಳಬಹುದೋ ಬೇಡವೋ ಅಂತ ದೊಡ್ಡ ಗದ್ದಲವಾಗಿತ್ತಂತೆ. ಬೇಡ ಅಂತ ಆಯಿತು. ಬೇಕು ಅಂತ ಆಗಿದ್ದರೆ? ಕ್ಲಾಸಿನ ಮಕ್ಕಳೇ ಆ ಕಾಲದ ಸಭೆಯವರಾಗಿ ವಾದ ಮಾಡಬೇಕು, ಕೈ ಎತ್ತಿ ತೀರ್ಮಾನಿಸಬೇಕು, ಮುಂದಿನ ಇತಿಹಾಸವನ್ನು ಆ ತೀರ್ಮಾನದ ಮೇಲೆ ತಾವೇ ಕಟ್ಟಬೇಕು. ಚೀಟಿ ಎತ್ತಿಸಿದ್ದರು. ಇವಳಿಗೆ ಬಂದದ್ದು ಗುಲಾಮರು ಬೇಕು ಅನ್ನುವ ಕಡೆ.

ನಾನು ಬೇಳೆ ಆರಿಸುತ್ತಿದ್ದೆ. ಅಳು ನಿಂತ ಮೇಲೆ ಅವಳು ಬಂದು ತೊಗರಿಬೇಳೆ ಹದಿನೈದು ಎಣಿಸಿ ಒಂದು ಕಡೆ ಇಟ್ಟಳು, ಕಡಲೆ ಹದಿನೈದು ಎಣಿಸಿ ಇನ್ನೊಂದು ಕಡೆ.

"ಆಯಿ, ಲುಕ್. ಇದು ಫ್ರೀ ರಾಜ್ಯ, ಇದು ಸ್ಲೇವ್ ರಾಜ್ಯ. ಈಕ್ವಲ್. ಯಾರೂ ಗೆಲ್ಲಂಗಿಲ್ಲ. ಈಗ ಕ್ಯಾಲಿಫೋರ್ನಿಯಾ ಬರ್ತದ." ಒಂದು ಮೆಣಸಿನ ಕಾಳು ನಡುವೆ ಇಟ್ಟಳು. "ಯಾವ ಕಡೆ ಹೋಗ್ತದೋ ಆ ಕಡೆ ಸ್ಟ್ರಾಂಗ್."

"ಆ ಗುಲಾಮರನ್ನ ಕೇಳಿದ್ರೇನು?"

"ನೋ ಆಯಿ! ಅವರಿಗೆ ವೋಟ್ ಇಲ್ಲ."

ಇದು ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಊರು ಮೊದಲು ನಿಜಾಮರದ್ದಾಗಿತ್ತು. ಆಮೇಲೆ ಹೈದರಾಬಾದ್ ರಾಜ್ಯ ಅಂದರು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿಸಿದೆವು ಅಂದರು, ಆಮೇಲೆ ಅದನ್ನೇ ಕರ್ನಾಟಕ ಅಂದರು. ಪ್ರತಿ ಸಲವೂ ವಾಡೆಯಲ್ಲಿ ಪೇಡೆ ಹಂಚಿದರು. ಪ್ರತಿ ಸಲವೂ ಆ ಪೇಡೆಯ ತಾಟು ತೊಳೆದವರು ನಾನು ಮತ್ತು ನನ್ನ ಅವ್ವ.

ಹುಡುಗಿ ಇನ್ನೊಂದು ಮಾತು ಹೇಳಿದಳು. ಬೇಡ ಅಂತ ಬರೆದ ಮೇಲೂ ಇಲ್ಲಿ ಗುಲಾಮರು ಇದ್ದರಂತೆ. ಬೇರೆ ರಾಜ್ಯದಿಂದ ಕರೆತಂದ ಒಡೆಯ, ನಾನು ಸುಮ್ಮನೆ ಬಂದು ಹೋಗುವವನು, ಇವನನ್ನು ತಿರುಗಿ ಕರೆದೊಯ್ಯುತ್ತೇನೆ ಅಂದರೆ ಕೋರ್ಟಿನವರು ಒಪ್ಪುತ್ತಿದ್ದರಂತೆ. ನಾನೂ ಬಂದು ಹೋಗುವವಳೇ. ವಿಮಾನ ನಿಲ್ದಾಣದಲ್ಲಿ ಹಾಗಂತಲೇ ಶಿಕ್ಕಾ ಒತ್ತಿದ್ದರು. ಬೇಳೆಯನ್ನೆಲ್ಲ ಗೋರಿ ಪಾತ್ರೆಗೆ ಹಾಕಿ ಎದ್ದೆ. ಅವಳ ಮೆಣಸಿನ ಕಾಳೂ ಅದರಲ್ಲೇ ಹೋಯಿತು, ಚೀರಿದಳು.

ಎರಡು ದಿನ ಅತ್ತ ಹುಡುಗಿ ಮೂರನೇ ದಿನಕ್ಕೆ ಗೆಲ್ಲಬೇಕು ಅಂತ ಹಟ ಹಿಡಿದಳು. ಅಪ್ಪನ ಮಗಳು. ಪ್ರತಿ ಕಡೆಯವರೂ ಒಬ್ಬ ಸಾಕ್ಷಿಯನ್ನು ಕರೆತರಬಹುದಂತೆ. ಉಳಿದ ಮಕ್ಕಳು ತಮ್ಮಲ್ಲೇ ಒಬ್ಬರಿಗೆ ವೇಷ ಹಾಕಿಸುತ್ತಿದ್ದರು. ಇವಳು ನನ್ನ ಹತ್ತಿರ ಬಂದಳು.

"ಆಯಿ, ನೀ ನಮ್ಮನ್ನ ಲವ್ ಮಾಡ್ತಿ ಹೌದಲ್ಲ?"

"ಏನ ಬೇಕ ಹೇಳು."

"ನಮ್ಮ ಕ್ಲಾಸಿಗೆ ಬಂದು ಹ್ಯಾಪಿ ಇದ್ದೀನಿ ಅಂತ ಹೇಳು. ಅಷ್ಟ."

ಅಕ್ಕಾರಿಗೆ ಅವಳು ಪೂರ್ತಿ ಹೇಳಲಿಲ್ಲ. ಟೀಚರ್ ಆಯಿಯನ್ನು ಕರೆದಿದ್ದಾರೆ ಅಂದಳು. ಅಕ್ಕಾರು ಇದು ನಮ್ಮ ದೇಶದ ಬಗ್ಗೆ ಹೇಳುವ ಕಾರ್ಯಕ್ರಮ ಅಂದುಕೊಂಡರು. "ಹೋಗಬೇ, ಕೂಸನ್ನೂ ಕರಕೊಂಡ ಹೋಗು. ಬೇಸನ್ ಉಂಡಿ ಮಾಡಿ ಒಯ್ಯಿ, ಖಾಲಿ ಕೈಲೆ ಹೋಗಬ್ಯಾಡ" ಅಂದರು. ಮೂವತ್ತೈದು ಉಂಡೆ ಕಟ್ಟಿದೆ. ಕಟ್ಟುವಾಗಲೂ ಮನಸ್ಸು ನಿಲ್ಲದೆ, ಕೆಲವು ನಿಂಬೆಯಷ್ಟು, ಕೆಲವು ಗೋಲಿಯಷ್ಟು ಆದವು.

ಊರಲ್ಲಿ ಮಗಳ ಬಸಿರಿಗೆ ಏಳು ತಿಂಗಳು ತುಂಬುವ ವಾರ ಅದು. ಸಾಲಿ ಮನೆಯಿಂದ ನಾಲ್ಕು ಓಣಿ ದೂರ. ನಡೆದೇ ಹೋದೆವು.

ಕ್ಲಾಸಿನಲ್ಲಿ ನನ್ನನ್ನು ಮುಂದೆ ಒಂದು ಸಣ್ಣ ಕುರ್ಚಿಯಲ್ಲಿ ಕೂಡಿಸಿದರು. ಮೊಳಕಾಲು ಗದ್ದಕ್ಕೆ ಬಂತು. ತೊಡೆಯ ಮೇಲೆ ಕೂಸು. ಗೋಡೆಯ ಮೇಲೆ ದೇಶದ ನಕ್ಷೆ. ಮಕ್ಕಳೆಲ್ಲ ಕಾಗದದ ಮೀಸೆ ಅಂಟಿಸಿಕೊಂಡಿದ್ದರು, ಹುಡುಗಿಯರೂ ಕೂಡ. ನಮ್ಮ ಹುಡುಗಿಯೂ ಮೀಸೆ ಹಚ್ಚಿಕೊಂಡು ಎದ್ದು ನಿಂತಳು. ಮೊದಲು ಇಂಗ್ಲಿಷಿನಲ್ಲಿ ಅಬ್ಬರಿಸಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಆಯಿ, ನಾವು ನಿಂಗ ಹೊಡಿತೀವೇನು?"

"ಇಲ್ಲ."

"ಊಟ ಕೊಡ್ತೀವೇನು?"

"ನಾ ಮಾಡಿದ್ದು ನಾ ಉಣ್ತೀನಿ. ಕೊಡೂದೇನ ಬಂತು?"

"ಯೆಸ್" ಅಂತ ಅವಳು ಕ್ಲಾಸಿಗೆ ಹೇಳಿದಳು. "ನೀ ಹ್ಯಾಪಿ ಇದ್ದೀಯೇನು?"

"ಈ ಕೂಸು ಮಲಗಿದಾಗ."

"ವೆರಿ ಹ್ಯಾಪಿ" ಅಂದಳು. ಟೀಚರು ನಕ್ಕರು. ಅವರು ಇನ್ನೂ ಆಟವೇ ಅಂದುಕೊಂಡಿದ್ದರು.

ಎದುರು ಕಡೆಯಿಂದ ಎರಡು ಜಡೆಯ ಕಪ್ಪು ಹುಡುಗಿಯೊಬ್ಬಳು ಎದ್ದಳು. ಅವಳ ಮೀಸೆ ಒಂದು ಬದಿ ಕಿತ್ತು ಜೋತುಬಿದ್ದಿತ್ತು. ಅವಳು ಒಂದೇ ಪ್ರಶ್ನೆ ಕೇಳಿದಳು. ನಮ್ಮ ಹುಡುಗಿ ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು. "ನಿಂಗ ಮನಿಗೆ ಹೋಗಬೇಕು ಅನಿಸಿದ್ರ ಹೋಗಬಹುದೇನು ಅಂತ ಕೇಳ್ತಾಳ."

"ಕೇಳೀನಿ. ಜೂನ್ ಅಂದಾರ. ನನ್ನ ಮಗಳು ಮೇದಾಗ ಹಡೀತಾಳ."

ನಮ್ಮ ಹುಡುಗಿಗೆ ನಾನು ಹೇಳಿದ್ದೆಲ್ಲ ತಿಳಿದಿತ್ತು. ಮೀಸೆಯನ್ನು ಒತ್ತಿಕೊಂಡಳು. ಆಮೇಲೆ ಕ್ಲಾಸಿನ ಕಡೆ ತಿರುಗಿ, ಆಯಿಗೆ ಹೋಗುವ ಮನಸ್ಸೇ ಇಲ್ಲ, ಆಯಿಗೆ ನಾವಂದರೆ ಪ್ರೀತಿ ಅಂತ ಇಂಗ್ಲಿಷಿನಲ್ಲಿ ಹೇಳಿದಳು.

ಮೂರು ವರ್ಷ ಹಗಲೆಲ್ಲ ಟೀವಿ ಮುಂದೆ ಕೂಸಿಗೆ ಉಣಿಸಿದವಳು ನಾನು. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಆಡಿರಲಿಲ್ಲ, ಅಷ್ಟೇ. ಕೂಸನ್ನು ಕೆಳಗೆ ಇಳಿಸಿ ಎದ್ದೆ. ಕುರ್ಚಿ ನನ್ನ ಹಿಂದೆ ಅಂಟಿಕೊಂಡೇ ಎದ್ದಿತು, ಕಿತ್ತು ಇಟ್ಟೆ.

"ನೋ. ಐ ವಾಂಟ್ ಗೋ. ಮೈ ಡಾಟರ್ ಬೇಬಿ ಕಮಿಂಗ್. ಮೈ ಪಾಸ್‌ಪೋರ್ಟ್, ಬ್ಯಾಂಕ್."

ಜಡೆಯ ಹುಡುಗಿ ಟೀವಿಯ ವಕೀಲರ ಹಾಗೆ, ನನ್ನ ಪ್ರಶ್ನೆ ಮುಗಿಯಿತು ಅಂದಳು. ಅದಕ್ಕೆ ಮಕ್ಕಳು ನಕ್ಕರು. ಟೀಚರು ನಗಲಿಲ್ಲ.

ಅಲ್ಲಿಗೆ ನಮ್ಮ ಹುಡುಗಿ ಸೋತಳು ಅಂತ ನಾನು ತಿಳಿದೆ. ಆದರೆ ಅವಳು ಉಂಡೆಯ ಡಬ್ಬಿ ತೆಗೆದಳು. ಕೈ ಎತ್ತುವ ಮೊದಲು ಸಾಲು ಸಾಲಾಗಿ ಹಂಚಿದಳು. ಇದು ಲಂಚ ಅಂತ ಯಾರೋ ಕೂಗಿದರು. ಆ ಕಾಲದ ಸಭೆಗಳಲ್ಲೂ ಇದೆಲ್ಲ ನಡೆಯುತ್ತಿತ್ತು ಅಂತ ಟೀಚರು ಬಿಟ್ಟರು. ಕೈ ಎಣಿಸಿದರು. ಎರಡು ಕೈ ಹೆಚ್ಚು. ನನ್ನ ಬೇಸನ್ ಉಂಡೆಗೆ ಕ್ಯಾಲಿಫೋರ್ನಿಯಾ ಗುಲಾಮರ ರಾಜ್ಯವಾಯಿತು. ಟೀಚರು ನಕ್ಷೆಯಲ್ಲಿ ಅದರ ಮೇಲೆ ಕಂದು ಕಾಗದ ಅಂಟಿಸಿದರು. ಆಮೇಲೆ ಮಕ್ಕಳನ್ನು ಒಂದು ಮಾತು ಕೇಳಿದರು. ಮಕ್ಕಳು ಒಬ್ಬೊಬ್ಬರಾಗಿ ಅಂಕಿ ಕೂಗಿದರು. ಹತ್ತು, ಇಪ್ಪತ್ತು, ಐವತ್ತು.

ಬಾಗಿಲಲ್ಲಿ ಟೀಚರು ನನ್ನ ಕೈ ಹಿಡಿದು "ಆರ್ ಯೂ ಓಕೆ?" ಅಂದರು. ರೂಢಿಯಿಂದ "ಓಕೆ" ಅಂದುಬಿಟ್ಟೆ. ಅವರು ಕೈ ಬಿಡಲಿಲ್ಲ, ಸ್ವಲ್ಪ ಹೊತ್ತು ಹಿಡಿದೇ ನಿಂತರು.

ದಾರಿಯಲ್ಲಿ ಹುಡುಗಿಯನ್ನು ಕೇಳಿದೆ. "ಕಡೀಕ ಆ ಅಂಕಿ ಏನು?"

ಅವಳು ಮುಂದೆ ಮುಂದೆ ನಡೆಯುತ್ತಿದ್ದಳು. "ನಾವು ವಿನ್ ಆದ್ವಿ. ಅಂದ್ರ ಸ್ಲೇವ್ ಕಡೆ ಸ್ಟ್ರಾಂಗ್ ಆತು. ಅಂದ್ರ ಸ್ಲೇವ್ ಮಂದಿನ್ನ ಫ್ರೀ ಮಾಡೂ ವಾರ್ ಲೇಟ್ ಆಗ್ತದ. ಎಷ್ಟು ವರ್ಷ ಲೇಟ್ ಅಂತ ಟೀಚರ್ ಕೇಳಿದ್ರು."

"ಅಲ್ಲೀ ತನಕ?"

"ಅಲ್ಲೀ ತನಕ ಅವರು ವೇಟ್ ಮಾಡಬೇಕು."

ಐವತ್ತು ಅಂದ ಹುಡುಗನ ಬಾಯಿಯ ಸುತ್ತ ನನ್ನ ಉಂಡೆಯ ಹಿಟ್ಟು ಮೆತ್ತಿತ್ತು. ಕಣ್ಣಾರೆ ನೋಡಿದ್ದೆ.

ಹುಡುಗಿ ಗೆದ್ದ ಮುಖದಲ್ಲಿ ಇರಲಿಲ್ಲ. ತಿರುವಿನಲ್ಲಿ ನಿಂತು, "ಆಯಿ, ಐ ಆಮ್ ಸಾರಿ. ನಾ ರಾಂಗ್ ಹೇಳಿದೆ" ಅಂದಳು. ಇರಲಿ ಬಿಡು ಅಂತ ನಾನು ಅನ್ನಲಿಲ್ಲ. "ಹೌದು, ರಾಂಗ್ ಹೇಳಿದಿ. ನಡಿ" ಅಂದೆ.

ಟೀಚರು ಅಕ್ಕಾರ ಆಫೀಸಿಗೇ ಫೋನು ಮಾಡಿದ್ದರು. ಅಕ್ಕಾರು ಆ ದಿನ ಎಂದಿಗಿಂತ ಬೇಗ ಬಂದರು. ಗರಾಜಿನ ಬಾಗಿಲಿನ ಸದ್ದಿನಲ್ಲೇ ಸಿಟ್ಟು ಗೊತ್ತಾಯಿತು.

"ಮಂದ್ಯಾಗ ನಿಂತು ಏನ ಹೇಳಿ ಬಂದಿ? ನಾವು ನಿನ್ನ ಕಟ್ಟಿ ಹಾಕೀವೇನು? ಪೊಲೀಸರಿಗೆ ತಿಳಿಸಬೇಕಾದೀತು ಅಂತಾಳ ಆ ಟೀಚರು!"

"ಕೇಳಿದ್ರು, ಹೇಳಿದೆ."

"ನಿಂಗ ಏನ ಕಡಿಮಿ ಮಾಡೀವಿ? ನಾ ಉಡೂ ಸೀರಿ ನಿಂಗ ಉಡಿಸೀನಿ. ನಮ್ಮ ಮನೀ ಮಗಳಂಗ ಇಟ್ಟೀನಿ."

"ಮನೀ ಮಗಳಾಗಿದ್ರ ಲಾಕರ್ ಕೀಲಿ ಎಲ್ಲೈತಿ ಗೊತ್ತಿರತಿತ್ತು."

ಇದು ನನ್ನ ಬಾಯಿಂದ ಬಂತೋ ಅಂತ ನನಗೇ ಬೆರಗು. ಅಕ್ಕಾರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಅಕ್ಕಾರ ಯಜಮಾನರು ಅಷ್ಟರಲ್ಲಿ ಬಂದಿದ್ದರು. ಪೇಪರು ಮುಖಕ್ಕೆ ಹಿಡಿದಿದ್ದರು, ಹಾಳೆ ತಿರುವುತ್ತಿರಲಿಲ್ಲ.

"ನೀನ ಅಲ್ಲೇನು ಜೋಪಾನ ಮಾಡ್ರಿ ಅಂತ ಕೊಟ್ಟಾಕಿ?" ಅಕ್ಕಾರ ಧ್ವನಿ ಇಳಿದಿತ್ತು.

"ಹೌದ್ರಿ, ನಾನ ಕೊಟ್ಟೆ. ತಪ್ಪು ನಂದ. ಈಗ ತಿರುಗಿ ಕೊಡ್ರಿ."

"ಹೋಗಾಕಿ ಹೋಗತೀ. ಈ ಕೂಸಿನ ಗತಿ?"

"ಈ ಕೂಸಿಗೆ ಅವ್ವ ಅದಾಳ್ರಿ."

ಅಕ್ಕಾರು ಅತ್ತರು. ಅವರು ಚಿಕ್ಕವರಿದ್ದಾಗ ಅತ್ತರೆ ಎತ್ತಿಕೊಂಡು ಅಂಗಳ ಸುತ್ತಿದ ಕೈಗಳು ಇವು. ಅವತ್ತು ಕೈ ಕಟ್ಟಿಕೊಂಡು ನಿಂತೆ. ಯಜಮಾನರು ಪೇಪರಿನ ಹಿಂದಿನಿಂದಲೇ, "ಕೊಡು ಆಕೀದು ಆಕಿಗೆ. ಟಿಕೀಟು ನಾ ನೋಡ್ತೀನಿ" ಅಂದರು. ಅಕ್ಕಾರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೋಡೂಣು ಅಂದು ಎದ್ದು ಹೋದರು. ನೋಡೂಣು ಅಂದರೆ ಆ ಮನೆತನದಲ್ಲಿ ಏನರ್ಥ ಅಂತ ನನಗೆ ಅವ್ವನ ಕಾಲದಿಂದ ಗೊತ್ತು. ನನ್ನ ಅವ್ವ ಒಮ್ಮೆ ತನ್ನ ತಮ್ಮನ ಲಗ್ನಕ್ಕೆ ಹೋಗಬೇಕು ಅಂದಾಗಲೂ ನೋಡೂಣು ಅಂದಿದ್ದರು. ಆ ತಮ್ಮನಿಗೆ ಮೊಮ್ಮಕ್ಕಳಾದವು, ಅವ್ವ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದೆ. ಎದ್ದ ಕೂಡಲೇ ಚಹಾಕ್ಕೆ ಇಡುವುದು ನನ್ನ ರೂಢಿ. ಇಡಲಿಲ್ಲ. ಮೈ ತೊಳೆದು ಸೀರೆ ಉಟ್ಟು, ಮೇಲೆ ಕೋಟು ಹಾಕಿ ಗರಾಜಿಗೆ ಹೋದೆ. ಅಕ್ಕಾರ ಕಾರಿನಲ್ಲಿ ನನ್ನ ಜಾಗ ಹಿಂದೆ, ಕೂಸಿನ ಪಕ್ಕ. ಮುಂದಿನ ಬಾಗಿಲು ತೆಗೆದು, ಬ್ಯಾಂಕಿಗೆ ಹೊರಡುವ ತನಕ ಏಳುವುದಿಲ್ಲ ಅಂತ ಕೂತೆ. ಏಳಕ್ಕೆ ಹುಡುಗಿ ಬಂದು ಇಣುಕಿ ನೋಡಿದಳು, ಒಳಗೆ ಹೋಗಿ ತಾನೇ ಹಾಲು ಹಾಕಿಕೊಂಡು ಕುಡಿದು ಸಾಲಿಗೆ ಹೋದಳು. ಎಂಟಕ್ಕೆ ಒಳಗೆ ಕೂಸು ಅತ್ತಿತು. ಕಾಲು ತಾವೇ ನೆಲಕ್ಕೆ ಇಳಿದವು, ಮತ್ತೆ ಒಳಗೆ ಎಳೆದುಕೊಂಡೆ. ಅಕ್ಕಾರು ಎರಡು ಸಲ ಬಾಗಿಲ ತನಕ ಬಂದು ತಿರುಗಿದರು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಕೂಸನ್ನು ತಾವೇ ಎತ್ತಿ ತಂದು ಹಿಂದೆ ಕೂಡಿಸಿ ಬೆಲ್ಟು ಹಾಕಿದರು.

"ಹಿಂದ ಕೂಡು, ಕೂಸು ಒಂದ ಐತಿ" ಅಂದರು.

"ಇರಲ್ರಿ. ನಾ ಇಲ್ಲೇ ಕೂಡತೀನಿ."

ಬ್ಯಾಂಕಿನಲ್ಲಿ ಉದ್ದನೆಯ ತಗಡಿನ ಪೆಟ್ಟಿಗೆ ತಂದಿಟ್ಟರು. ಪಾಟಲಿ, ಬಿಲ್ವಾರ, ಸರ ಎಲ್ಲ ಎತ್ತಿದ ಮೇಲೆ ತಳದಲ್ಲಿ ನನ್ನದು ಸಿಕ್ಕಿತು. ಅಕ್ಕಾರು ಅದನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟರು. ನಾನೇ ಎತ್ತಿಕೊಂಡೆ. ಒಳಗಿನ ಫೋಟೋ ನೋಡಿ ನನ್ನದೇ ಅಂತ ಖಾತ್ರಿ ಮಾಡಿಕೊಂಡು ಕುಬಸದೊಳಗೆ ಸೇರಿಸಿದೆ. ಮನೆಗೆ ಬಂದು, ಯಜಮಾನರು ಟಿಕೀಟಿನವರಿಗೆ ಫೋನು ಹಚ್ಚಿ, ಈ ತಿಂಗಳೇ, ಒಬ್ಬರಿಗೇ ಅಂತ ಹೇಳಿ ಮುಗಿಸುವ ತನಕ ಅವರ ಪಕ್ಕದಲ್ಲೇ ನಿಂತೆ. ಆಮೇಲೆ, ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ ಅಂತ ಉಪ್ಪಿಟ್ಟಿಗೆ ರವೆ ಹುರಿದೆ.